ವಲಸೆ ಪತ್ರದ ಐದು ಸಾಲು

ಒಂದು ಪುಟ್ಟ ಪುಸ್ತಕದ ಕೊನೆಯ ಪುಟದಿಂದ ಐದು ಸಾಲು ತೆಗೆದವನು ನಾನು. ಬರೆದವರನ್ನು ಕೇಳಲಿಲ್ಲ, ತೆಗೆದದ್ದನ್ನು ಆಮೇಲೂ ಹೇಳಲಿಲ್ಲ. ಆ ಸಾಲುಗಳ ಅಗತ್ಯ ನನ್ನ ತಂಗಿಗೇ ಬಿದ್ದು, ಆಕೆ ಕಾಗದ ಬರೆದು ಕೇಳಿದಾಗಲೂ ನಿಜ ಹೇಳಲಿಲ್ಲ. ಆಕೆಯ ಒಂದು ವರ್ಷ ಹೋಯಿತು. ಹೋದದ್ದು ಆಕೆಯ ಅಲಕ್ಷ್ಯದಿಂದ ಎಂದು ಮನೆಯವರು ಆಡಿಕೊಂಡಾಗ ಎದುರಿಗೇ ಕುಳಿತು ರೊಟ್ಟಿ ತಿಂದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ನಿಪ್ಪಾಣಿಯ ಒಂದು ಸಣ್ಣ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸಕ್ಕಿದ್ದೆ. ಓದಿದ್ದು ಏಳನೆಯ ಇಯತ್ತೆಯವರೆಗೆ. ನಮ್ಮ ಊರು ಮಂಗಸೂಳಿಯ ಹತ್ತಿರ. ಎರಡು ಎಕರೆ ಹೊಲ, ಹತ್ತೋ ಹನ್ನೆರಡೋ ಆಡು, ಒಂದು ಎಮ್ಮೆ. ಅಪ್ಪ ತೀರಿಕೊಂಡ ಮೇಲೆ ಮನೆಯ ಭಾರ ಅಪ್ಪನ ತಮ್ಮ, ನಮ್ಮ ಕಾಕಾನ ಮೇಲಿತ್ತು. ನಾನು ನಿಪ್ಪಾಣಿಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದುಕೊಂಡಿದ್ದೆ. ತಿಂಗಳಿಗೊಮ್ಮೆ ಊರಿಗೆ ಹೋಗುತ್ತಿದ್ದೆ. ತಂಗಿ ಅಥಣಿಯಲ್ಲಿ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದಳು. ನಮ್ಮ ಮನೆತನದಲ್ಲಿ ಅಷ್ಟು ದೂರ ಓದಿದವರು ಯಾರೂ ಇರಲಿಲ್ಲ.

ಮೊಳೆ ಎಂದರೆ ಸೀಸದಲ್ಲಿ ಎರಕ ಹೊಯ್ದ ಒಂದೊಂದು ಅಕ್ಷರ. ಮರದ ತಟ್ಟೆಯ ತುಂಬ ಸಣ್ಣ ಸಣ್ಣ ಮನೆಗಳು. ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರ, ಕಾಗುಣಿತ, ಒತ್ತು. ಎಡಗೈಯಲ್ಲಿ ಸ್ಟಿಕ್ ಎಂಬ ಕಬ್ಬಿಣದ ಪಟ್ಟಿ ಹಿಡಿದು ಬಲಗೈಯಿಂದ ಮೊಳೆ ಆರಿಸಿ ಸಾಲು ಕಟ್ಟಬೇಕು. ಅಕ್ಷರಗಳು ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ನಿಂತಿರುತ್ತವೆ. ಈ ಕೆಲಸದ ಒಂದು ದೋಷವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೈ ಪಳಗಿದ ಮೇಲೆ ನಾವು ಓದುವುದಿಲ್ಲ. ಅಕ್ಷರ ಮಾತ್ರ ನೋಡುತ್ತೇವೆ. ಅರ್ಥಕ್ಕೆ ನಿಂತರೆ ಕೈ ತಡವಾಗುತ್ತದೆ. ಒಂದು ಪುಟ ಪೂರ್ತಿ ಜೋಡಿಸಿದ ಮೇಲೆ ಅದರಲ್ಲಿ ಏನಿತ್ತೆಂದು ಕೇಳಿದರೆ ‘ಯ’ ಕಡಿಮೆ ಬಿತ್ತು, ಒತ್ತು ಸವೆದಿತ್ತು ಎನ್ನುತ್ತಿದ್ದೆವೇ ಹೊರತು ವಿಷಯ ಹೇಳಲು ಬರುತ್ತಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಚಿಕ್ಕೋಡಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಒಬ್ಬ ಸರ್ ಒಂದು ನೋಟುಪುಸ್ತಕ ಹಿಡಿದುಕೊಂಡು ಬಂದರು. ಕಾಲೇಜು ಸೇರುವ ಹಳ್ಳಿಯ ಮಕ್ಕಳಿಗಾಗಿ ಅಲ್ಲಿನ ಶಬ್ದಗಳನ್ನೆಲ್ಲ ಅಕಾರಾದಿಯಾಗಿ ಬರೆದು ಅರ್ಥ ಹೇಳಿದ್ದರು. ಅಂಕಪಟ್ಟಿಯಿಂದ ಹಾಲ್ ಟಿಕೆಟ್‌ವರೆಗೆ ಹದಿನಾರು ಪುಟ.

“ನಮ್ಮ ಹುಡುಗ್ರು ಆಫೀಸಿನ ಕಿಡಕಿ ಮುಂದ ಹೋಗಿ ನಿಲ್ಲತಾರ. ಪ್ರಾಸ್ಪೆಕ್ಟಸ್ ಅಂದ್ರ ಏನು, ಐಚ್ಛಿಕ ವಿಷಯ ಅಂದ್ರ ಏನು, ಕೇಳಾಕ ನಾಚಿಕಿ. ಕೇಳದ ವಾಪಸ್ ಹೋಗ್ತಾರ,” ಎಂದರು ಸರ್.

ನಮ್ಮ ಮಾಲೀಕರು ಮಾತಿಗೆ ಸೋಲುವವರಲ್ಲ. “ಸರ್, ಮೊದಲ ‘ಪಾಸ್’ ಅನ್ನೋ ಶಬ್ದಕ್ಕ ಅರ್ಥ ಬರೀರಿ. ನಮ್ಮ ಮನ್ಯಾಗಿನ ಹುಡುಗಗ ಅದ ಗೊತ್ತಿಲ್ಲ,” ಎಂದರು.

“ಅದನ್ನ ಬರದ ತಿಳಿಸಾಕ ಆಗಂಗಿಲ್ರಿ ಸಾವ್ಕಾರ್ರ,” ಎಂದು ಸರ್ ನಕ್ಕರು.

ಪಿ.ಯು.ಸಿ. ಫಲಿತಾಂಶ ಬರುವುದರೊಳಗೆ ಪುಸ್ತಕ ಕೈಗೆ ಬರಬೇಕು. ಚಿಕ್ಕೋಡಿ, ರಾಯಬಾಗ, ಅಥಣಿಯ ಕಾಲೇಜುಗಳಲ್ಲಿ ಪುಕ್ಕಟೆ ಹಂಚುತ್ತೇನೆ ಎಂದರು. ಕೆಲಸ ನನ್ನ ಪಾಲಿಗೆ ಬಂತು.

ನಮ್ಮಲ್ಲಿ ಕನ್ನಡದ ಮೊಳೆ ಕಡಿಮೆ. ಒಮ್ಮೆಗೆ ನಾಲ್ಕು ಪುಟಕ್ಕೆ ಸಾಕಾಗುವಷ್ಟು. ಹಾಗಾಗಿ ನಾಲ್ಕು ಪುಟ ಜೋಡಿಸಿ, ಸರ್ ಕರಡು ತಿದ್ದಿದ ಮೇಲೆ ಅಚ್ಚು ಹಾಕಿ, ಆ ಮೊಳೆಗಳನ್ನೆಲ್ಲ ತೊಳೆದು ತಿರುಗಿ ಅವುಗಳ ಮನೆಗೆ ಹಂಚಿ, ಮುಂದಿನ ನಾಲ್ಕು ಪುಟಕ್ಕೆ ಕೈ ಹಾಕಬೇಕು. ಮೂರು ಸುತ್ತು ಹೀಗೆಯೇ ಮುಗಿಯಿತು. ಕೊನೆಯ ನಾಲ್ಕು ಪುಟದ ಕರಡನ್ನು ಸರ್ ತಿದ್ದಿ ಕೊಟ್ಟು, ರಾಯಬಾಗದಲ್ಲಿ ಸಂಬಂಧಿಕರ ಮದುವೆಯೆಂದು ಹೊರಟುಹೋದರು. ನೋಡಿದರೆ ‘ಹಾಜರಾತಿ’ ಎಂಬ ಶಬ್ದದ ಕೆಳಗೆ ಅಂಚಿನಲ್ಲಿ ಐದು ಸಾಲು ಹೊಸದಾಗಿ ಬರೆದಿದ್ದರು. ಹಾಜರಾತಿ ಕಡಿಮೆಯಾಗಿ ಪರೀಕ್ಷೆ ತಪ್ಪಿಸಿಕೊಂಡ ಮಕ್ಕಳ ವಿಚಾರ.

ಪುಟದಲ್ಲಿ ಜಾಗವಿರಲಿಲ್ಲ. ಹಿಂದಿನ ಹನ್ನೆರಡು ಪುಟ ಅಚ್ಚಾಗಿ ಮೊಳೆ ಹಂಚಿಹೋಗಿತ್ತು, ಅಲ್ಲಿಗೆ ತಳ್ಳುವಂತಿಲ್ಲ. ಆಚೆಗೆ ಹೊದಿಕೆ, ಹೊಸ ಪುಟ ಸೇರಿಸುವಂತಿಲ್ಲ. ಒಂದು ಶಬ್ದದ ವಿವರಕ್ಕೂ ಇನ್ನೊಂದಕ್ಕೂ ನಡುವೆ ಇಟ್ಟಿದ್ದ ಸೀಸದ ತೆಳು ಪಟ್ಟಿಗಳನ್ನು ಕಿತ್ತೆ. ಎರಡು ಸಾಲಿನ ಜಾಗ ಸಿಕ್ಕಿತು. ಇನ್ನೂ ಮೂರು ಸಾಲು ಬೇಕು. ಕಬ್ಬಿಣದ ಚೌಕಟ್ಟಿಗೆ ಬಿಗಿಯಲು ನೋಡಿದೆ, ಪುಟ ಉಬ್ಬಿ ಕೆಳಗಿನ ಸಾಲು ಸಿಡಿದು ನೆಲಕ್ಕೆ ಬಿತ್ತು. ಅದನ್ನು ಮತ್ತೆ ಜೋಡಿಸುವುದರಲ್ಲಿ ಅರ್ಧ ದಿನ ಹೋಯಿತು.

ಮಾಲೀಕರು ಬಂದು ತಲೆಯ ಮೇಲೆ ನಿಂತರು. ಮದುವೆಯ ಕಾಲ, ಲಗ್ನಪತ್ರಿಕೆಗಳು ಸಾಲುಗಟ್ಟಿ ಕಾಯುತ್ತಿದ್ದವು.

“ಅರೇ ಬಾಬಾ, ಮಷೀನ್ ಬಿಡು. ಲಗ್ನ ಮುಗದ ಮ್ಯಾಲ ಪತ್ರಿಕಾ ಕೊಟ್ರ ಮಂದಿ ಅದನ್ನ ಪತ್ರಾವಳಿ ಮಾಡ್ಕೊಂಡ ಉಣ್ತಾರೇನು?”

“ಮೂರ ಸಾಲ ಹಿಡಿಯವಲ್ವು, ಸಾವ್ಕಾರ್ರ. ಸರ್ ಬರೂತನಕ ತಡೀಬೇಕ್ರಿ.”

“ಸರ್ ಲಗ್ನದಾಗ ಅದಾರ. ಮೂರ ಸಾಲಿಗೆ ಯಾರ ಜೀವ ಹೋಗೂದಿಲ್ಲ. ಏನರ ಮಾಡಿ ಕೂಡಸು.”

ಏನಾದರೂ ಮಾಡು ಎಂದರು ಅಷ್ಟೇ, ತೆಗೆ ಎನ್ನಲಿಲ್ಲ. ತೆಗೆಯುವ ವಿಚಾರ ನನ್ನದು. ಪುಟವನ್ನು ಮೇಲಿಂದ ನೋಡಿದೆ. ‘ವರ್ಗಾವಣೆ ಪತ್ರ’ ಎಂದಿತ್ತು, ಅದರ ಬೆನ್ನಿಗೆ ‘ವಲಸೆ ಪತ್ರ’ ಎಂದಿತ್ತು. ವರ್ಗಾವಣೆ ಪತ್ರವೆಂದರೆ ಟಿ.ಸಿ.; ಅದು ನನಗೂ ಗೊತ್ತಿತ್ತು, ಶಾಲೆ ಬಿಟ್ಟಾಗ ನಾನೂ ತಂದವನು. ವಲಸೆ ಎಂದರೂ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುವುದೇ. ಸರ್ ಒಂದೇ ಮಾತನ್ನು ಎರಡು ಸಲ ಬರೆದಿದ್ದಾರೆ ಎಂದುಕೊಂಡೆ. ಆ ಸಾಲುಗಳನ್ನು ಜೋಡಿಸಿದವನು ನಾನೇ, ಆದರೆ ಓದಿದವನಲ್ಲ. ಆಗಲೂ ಓದಲಿಲ್ಲ. ಚಿಮಟದಿಂದ ಐದು ಸಾಲನ್ನೂ ಎತ್ತಿ ಬದಿಗಿಟ್ಟೆ. ಮೂರು ಸಾಲಿಗೆ ಐದು ತೆಗೆದದ್ದರಿಂದ ಕೆಳಗೆ ಜಾಗ ಉಳಿಯಿತು. ಅಲ್ಲಿಗೆ ಒಂದು ಹೂವಿನ ಪಟ್ಟಿ ಕೂರಿಸಿದೆ. ಪುಟ ಚೆಂದ ಕಂಡಿತು.

ತೆಗೆದ ಸಾಲುಗಳಿಗೆ ದಾರ ಸುತ್ತಿ, ಸರ್ ಬಂದಾಗ ತೋರಿಸೋಣವೆಂದು ಕಿಟಕಿಯಲ್ಲಿ ಇಟ್ಟಿದ್ದೆ. ಮರುದಿನ ಲಗ್ನಪತ್ರಿಕೆಗೆ ‘ಪ’ ಮೊಳೆ ಕಡಿಮೆ ಬಿತ್ತು. ದಾರ ಬಿಚ್ಚಿ ಆ ಸಾಲುಗಳನ್ನೂ ಹಂಚಿಬಿಟ್ಟೆ.

ನಾಲ್ಕು ದಿನಕ್ಕೆ ಸರ್ ಬಂದರು. ಪುಸ್ತಕದ ಮೇಲೆ ಕೈಯಾಡಿಸಿದರು, ಕೊನೆಯ ಪುಟ ತೆಗೆದು ‘ಹಾಜರಾತಿ’ ನೋಡಿದರು. “ಹಿಡಿಸಿದ್ರಿ? ಶಾಬಾಸ್,” ಎಂದರು.

“ಹೌದ್ರಿ ಸರ್, ಹಿಡಿಸಿದೆ,” ಎಂದೆ. ಬಾಯಿ ತೆರೆದಿದ್ದೆ. ಇನ್ನೊಂದು ಮಾತು ಹೇಳಿದ್ದರೆ ಸರ್ ಒಂದು ಚೀಟಿ ಅಚ್ಚು ಹಾಕಿಸಿ ಒಳಗೆ ಅಂಟಿಸುತ್ತಿದ್ದರು, ಅಷ್ಟೇ. ಶಾಬಾಸ್‌ಗಿರಿ ಕೈಬಿಡಲು ಮನಸ್ಸಾಗಲಿಲ್ಲ.

ಒಂದು ಪ್ರತಿಯನ್ನು ತಂಗಿಗೆ ಒಯ್ದು ಕೊಟ್ಟೆ. ಆಕೆ ಅದಕ್ಕೆ ರಟ್ಟು ಹಾಕಿ ಗೆಳತಿಯರಿಗೆಲ್ಲ ತೋರಿಸಿದಳು. “ಬರದಾರು ಯಾರೋ ಸರ್ ಅಂತ. ಮಾಡಿದಾಂವ ನಮ್ಮ ಅಣ್ಣ,” ಎನ್ನುತ್ತಿದ್ದಳಂತೆ.

ಆಕೆ ಒಳ್ಳೆಯ ಅಂಕಗಳಿಂದ ಪಾಸಾದಳು. ನಮ್ಮೂರಿಗೆ ಬೆಳಗಾವಿಗಿಂತ ಮಹಾರಾಷ್ಟ್ರದ ಮಿರಜ ಹತ್ತಿರ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆಗೆ ಬರಬಹುದು. ಮರಾಠಿ ನಮ್ಮ ಕಡೆ ಎಲ್ಲರಿಗೂ ಬರುತ್ತದೆ. ಕಾಕಾನೇ ಹೊಸ ಪಟಗಾ ಸುತ್ತಿಕೊಂಡು ಹೋಗಿ ಬಿ.ಎಸ್‌ಸಿ.ಗೆ ಹೆಸರು ಹಚ್ಚಿಸಿ ಬಂದರು. ಅಂಕಪಟ್ಟಿ, ಟಿ.ಸಿ. ಎರಡನ್ನೂ ಕಾಲೇಜಿಗೆ ಕೊಟ್ಟಿದ್ದರು. ಪ್ರವೇಶದ ಚೀಟಿಯ ಮೇಲೆ ‘ತಾತ್ಕಾಲಿಕ’ ಎಂದು ಬರೆದಿತ್ತು. ತಂಗಿ ಪುಸ್ತಕ ತೆಗೆದು ನೋಡಿದಳು. ‘ತಾತ್ಕಾಲಿಕ ಪ್ರವೇಶ: ಬೇಕಾದ ಕಾಗದಗಳಲ್ಲಿ ಕೆಲವು ಬರುವುದು ಬಾಕಿ ಇರುವಾಗ ಕೊಡುವ ಪ್ರವೇಶ. ಯಾವ ಕಾಗದ ಎಂಬುದನ್ನು ಆಯಾ ಶಬ್ದದ ಕೆಳಗೆ ನೋಡಿ’ ಎಂದಿತ್ತು. ‘ವಲಸೆ ಪತ್ರ’ ಎಂಬ ಶಬ್ದವೇ ಅಲ್ಲಿರಲಿಲ್ಲ.

ಗಣಪತಿ ಹಬ್ಬ ಮುಗಿದ ಮೇಲೆ ಆಕೆಯ ಕಾಗದ ಬಂತು. ‘ಅಣ್ಣಾ, ಕಾಲೇಜಿನ್ಯಾಗ ನೋಟಿಸ್ ಹಚ್ಯಾರ. ಬ್ಯಾರೆ ರಾಜ್ಯದಿಂದ ಬಂದವ್ರು ಮೈಗ್ರೇಷನ್ ಕೊಡಬೇಕಂತ. ನಿನ್ನ ಪುಸ್ತಕದಾಗ ಹುಡುಕಿದೆ, ಸಿಗಲಿಲ್ಲ. ಟಿ.ಸಿ.ನ ಇರಬಹುದೇನು? ಸರ್‌ನ ಒಂದ್ಸಲ ಕೇಳಿ ಬರಿ.’

ಮೊಳೆಯ ತಟ್ಟೆಯ ಮುಂದೆ ನಿಂತು ಓದಿದೆ. ಚಿಕ್ಕೋಡಿ ಒಂದು ಬಸ್ಸಿನ ದಾರಿ. ಹೋಗಿ ಕೇಳಿದರೆ ಸರ್ ಪುಸ್ತಕ ತೆಗೆಯುತ್ತಾರೆ, ಸಾಲು ಇಲ್ಲದ್ದು ಕಾಣುತ್ತದೆ. ಎರಡು ದಿನ ತಡೆದು ಒಂದು ಕಾರ್ಡು ಬರೆದೆ: ‘ಸರ್‌ನ ಕೇಳಿದೆ. ಮೈಗ್ರೇಷನ್ ಅಂದ್ರ ಟಿ.ಸಿ.ನ. ನೀ ಕೊಟ್ಟೀ. ಚಿಂತಿ ಮಾಡಬ್ಯಾಡ, ಓದು.’

ಸರ್‌ರನ್ನು ನಾನು ಕೇಳಿರಲಿಲ್ಲ.

ಸಂಕ್ರಮಣ ಕಳೆದ ಮೇಲೆ ಪರೀಕ್ಷೆಯ ಫಾರ್ಮು ತುಂಬುವ ದಿನಗಳು ಬಂದವು. ತಂಗಿಯ ಫಾರ್ಮು ತೆಗೆದುಕೊಳ್ಳಲಿಲ್ಲ. ಕಾಕಾ ಹೇಳಿಕಳಿಸಿದರು, ನಾನು ನೇರವಾಗಿ ಮಿರಜಕ್ಕೆ ಹೋದೆ. ಕಾಕಾ, ತಂಗಿ, ನಾನು ಮೂವರೂ ಆಫೀಸಿನ ಕಿಟಕಿಯ ಮುಂದೆ ನಿಂತೆವು. ಒಳಗಿದ್ದ ಹಿರಿಯ ಗುಮಾಸ್ತರ ತಾಯಿಯ ತವರು ಅಥಣಿಯಂತೆ. ಕನ್ನಡದಲ್ಲೇ ತಿಳಿಸಿ ಹೇಳಿದರು.

“ಟಿ.ಸಿ. ಕೊಡೂದು ಕಾಲೇಜು. ಮೈಗ್ರೇಷನ್ ಕೊಡೂದು ನಿಮ್ಮ ಪರೀಕ್ಷಾ ಬೋರ್ಡು. ಎರಡೂ ಬ್ಯಾರೆ. ಅದು ಬರೂತನಕ ವಿದ್ಯಾಪೀಠ, ನಮ್ಮ ಯುನಿವರ್ಸಿಟಿ, ಎಲಿಜಿಬಿಲಿಟಿ ಕೊಡಂಗಿಲ್ಲ. ಅಂದ್ರ, ಈ ಹುಡುಗಿ ನಮ್ಮಲ್ಲಿ ಓದಾಕ ಅರ್ಹ ಅಂತ ಒಪ್ಪಂಗಿಲ್ಲ. ಒಪ್ಪದಿದ್ರ ಆಕಿ ಕ್ಲಾಸಿಗೆ ಬಂದ ಟರ್ಮ್ ಮಂಜೂರಾಗಂಗಿಲ್ಲ. ಟರ್ಮ್ ಇಲ್ಲದ ಫಾರ್ಮ್ ತಗೊಳಾಕ ನನಗ ಬರಂಗಿಲ್ಲ.”

“ಆರ ತಿಂಗಳ ಮ್ಯಾಲಾತು, ದಿನಾ ಬಂದು ಕ್ಲಾಸಿನ್ಯಾಗ ಕುಂತಾಳಲ್ರಿ,” ಎಂದರು ಕಾಕಾ.

“ಕುಂತಾಳ್ರಿ ಯಜಮಾನ್ರ, ನಾನ ನೋಡೇನಿ. ಆದ್ರ ಕಾಗದದಾಗ ಕುಂತಿಲ್ಲ.”

ಅವರು ಹತ್ತು ದಿನದ ಗಡುವು ಹೇಳಿದರು. ನಾನು ಅದೇ ದಿನ ಅಥಣಿಗೆ ಹೋದೆ. ಅರ್ಜಿಗೆ ಹಳೆಯ ಕಾಲೇಜಿನ ಪ್ರಾಚಾರ್ಯರ ಸಹಿ ಬೇಕಿತ್ತು, ಅವರು ರಜೆಯಲ್ಲಿದ್ದರು. ಎರಡು ದಿನ ಅಲ್ಲಿಯೇ ಕಾದೆ. ಸಹಿ ಸಿಕ್ಕ ಮೇಲೆ ಬೆಂಗಳೂರಿನ ಬಸ್ಸು ಹತ್ತಿದೆ. ಬೋರ್ಡಿನ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡರು. ಅಂಕಪಟ್ಟಿಯ ದೃಢೀಕರಿಸಿದ ನಕಲು ಎಲ್ಲಿ ಎಂದರು. ನನ್ನ ಹತ್ತಿರ ಇದ್ದದ್ದು ಬರಿಯ ನಕಲು. ಯಾವ ಅಧಿಕಾರಿ ಸಹಿ ಮಾಡಿ ಮುದ್ರೆ ಒತ್ತುತ್ತಾರೆ ಎಂದು ಗುರುತಿಲ್ಲದ ಊರಿನಲ್ಲಿ ಹುಡುಕುತ್ತ ಇನ್ನೊಂದು ದಿನ ಕಳೆಯಿತು. ಅದನ್ನು ಕೊಟ್ಟ ಮೇಲೂ ಐದಾರು ದಿನ ಕಾಯಿಸಿ, ಕಡೆಗೆ ಪತ್ರ ಕೈಗೆ ಕೊಟ್ಟರು. ಅಂಗೈ ಅಗಲದ ಕಾಗದ. ಅದನ್ನು ಹಿಡಿದು ಮಿರಜಕ್ಕೆ ಬಂದಾಗ ಹನ್ನೊಂದನೆಯ ದಿನ. ಗುಮಾಸ್ತರು ತಾವೇ ಎದ್ದು ಒಳಗೆ ಹೋಗಿ ಎರಡು ಸಲ ಕೇಳಿಬಂದರು. ಪರೀಕ್ಷೆಗೆ ಕೂರುವವರ ಪಟ್ಟಿ ವಿದ್ಯಾಪೀಠಕ್ಕೆ ಹೋಗಿಬಿಟ್ಟಿತ್ತು. “ಜೂನಿನ್ಯಾಗ ಮತ್ತ ಮೊದಲನೇ ವರ್ಷಕ್ಕ ಬಾ ಮಗಳ. ಈ ಪತ್ರ ಕಳಕೋಬ್ಯಾಡ,” ಎಂದು ತಂಗಿಗೆ ಹೇಳಿದರು.

ನಿಪ್ಪಾಣಿಗೆ ಮರಳಿದ ಮೇಲೆ ಅಚ್ಚಾದ ಹಳೆಯ ಹಸ್ತಪ್ರತಿಗಳ ಕಟ್ಟು ಬಿಚ್ಚಿ ಸರ್‌ರ ನೋಟುಪುಸ್ತಕ ಹುಡುಕಿದೆ. ಅದೇ ಮೊದಲ ಸಲ ಆ ಸಾಲುಗಳನ್ನು ಓದಿದ್ದು. ‘ವಲಸೆ ಪತ್ರ: ಇದನ್ನು ಮೈಗ್ರೇಷನ್ ಎನ್ನುತ್ತಾರೆ. ಇದು ಟಿ.ಸಿ. ಅಲ್ಲ. ಇದನ್ನು ಕೊಡುವುದು ಪರೀಕ್ಷಾ ಮಂಡಳಿ. ನಮ್ಮ ಕಡೆಯ ಮಕ್ಕಳು ಮಹಾರಾಷ್ಟ್ರದ ಕಾಲೇಜು ಸೇರುವಾಗ ಮರೆಯದೆ ತರಿಸಿಕೊಳ್ಳಬೇಕು. ತಡವಾದರೆ ವರ್ಷವೇ ಹೋಗುತ್ತದೆ.’ ‘ಇದು ಟಿ.ಸಿ. ಅಲ್ಲ’ ಎಂಬುದನ್ನು ನಾನೇ, ಈ ಕೈಯಿಂದಲೇ, ಒಂದೊಂದು ಮೊಳೆ ಎತ್ತಿ ಜೋಡಿಸಿದ್ದೆ.

ಊರಲ್ಲಿ ಕಾಕಾ ತೀರ್ಮಾನ ಹೇಳಿದರು. ಅವರು ಕೆಟ್ಟವರಲ್ಲ. ಅವಮಾನವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಹೊಕ್ಕಿತ್ತು. “ನಾವು ಓದಿಲ್ಲ, ನಮಗ ತಿಳೀಲಿಲ್ಲ. ಆಕಿ ಓದ್ಯಾಳ, ಮೂರ ಸಲ ನೋಟಿಸ್ ಹಚ್ಯಾರ, ಆಕೀಗೂ ತಿಳೀಲಿಲ್ಲ ಅಂದ್ರ? ಓದಿನ್ಯಾಗ ಲಕ್ಷ ಇಲ್ಲ. ಸಾಕು. ಮುಂದಿನ ವರ್ಷ ಮತ್ತ ಏನರ ಬಿಟ್ಟ ಬರತಾಳ.”

“ಹೌದ ಕಾಕಾ, ನಾನ ಲಕ್ಷ ಕೊಡಲಿಲ್ಲ,” ಎಂದಳು ತಂಗಿ. ನನ್ನ ಕಾರ್ಡು ಆಕೆಯ ಪೆಟ್ಟಿಗೆಯಲ್ಲಿತ್ತು. ಅದನ್ನು ತೆಗೆದು ತೋರಿಸಲಿಲ್ಲ. ನನ್ನತ್ತ ನೋಡಲೂ ಇಲ್ಲ. ನಾನು ರೊಟ್ಟಿ ಮುರಿದು ಬಾಯಿಗಿಟ್ಟೆ.

ಆ ಬೇಸಿಗೆ ಆಕೆ ಊರಿನ ದ್ರಾಕ್ಷಿ ತೋಟದವರ ಶೆಡ್ಡಿನಲ್ಲಿ ಬೇದಾಣಿ ಆರಿಸಲು ಹೋದಳು. ಒಣಗಿದ ದ್ರಾಕ್ಷಿಯ ಕಡ್ಡಿ ಕಳೆದು, ಕಪ್ಪು ಬೇರೆ, ಹಳದಿ ಬೇರೆ ಮಾಡುವ ಕೆಲಸ. ನಾನು ಊರಿಗೆ ಹೋದಾಗ ಚಹಾ ಮಾಡಿ ಕೊಡುತ್ತಿದ್ದಳು. ಬೆರಳುಗಳು ಅಂಟಂಟಾಗಿರುತ್ತಿದ್ದವು. ಈ ಸಲ ಹೇಳೋಣ, ಈ ಸಲ ಹೇಳೋಣ ಎಂದು ನಾಲ್ಕು ಸಲ ಬಂದು ನಾಲ್ಕು ಸಲ ಹಾಗೆಯೇ ಹೋದೆ.

ಜೂನಿನಲ್ಲಿ ಚಿಕ್ಕೋಡಿಯ ಸರ್ ಮತ್ತೆ ಬಂದರು. ಪುಸ್ತಕ ಮುಗಿದಿದೆ, ಇನ್ನೊಮ್ಮೆ ಅಚ್ಚು ಹಾಕಬೇಕು ಎಂದರು. ಕುಳಿತುಕೊಳ್ಳುತ್ತ, “ಒಂದ ದೊಡ್ಡ ತಪ್ಪ ಮಾಡೇನಿ ನೋಡ್ರಿ,” ಎಂದು ಮಾಲೀಕರಿಗೆ ಹೇಳಿದರು. “ವಲಸೆ ಪತ್ರ ಬರಿಯೋದ ಮರತಬಿಟ್ಟೇನಿ. ಅಥಣಿ ಕಡೆ ಹುಡುಗನೊಬ್ಬ ಕೇಳಿದ. ಬರದಿದ್ದೆ ಅನಸತದ, ಪುಸ್ತಕದಾಗ ಇಲ್ಲ. ವಯಸ್ಸಾತು. ಯಾರ್ಯಾರ ಮಕ್ಕಳು ಕೆಟ್ರೋ ಏನೋ.”

ತಂಗಿ ತನ್ನ ಮೇಲೆ ಹಾಕಿಕೊಂಡಿದ್ದಳು. ಈಗ ಇವರೂ ಹಾಕಿಕೊಳ್ಳುತ್ತಿದ್ದರು. ನಾನು ಒಳಗೆ ಹೋಗಿ ಅವರ ನೋಟುಪುಸ್ತಕ ತಂದು ಆ ಹಾಳೆ ತೆಗೆದು ಮುಂದಿಟ್ಟೆ. “ನೀವು ಬರದಿದ್ರಿ ಸರ್. ಜಾಗ ಸಾಲಲಿಲ್ಲಂತ ನಾನ ತಗದೆ.”

ಸರ್ ಓದಿ ನೋಟುಪುಸ್ತಕ ಮುಚ್ಚಿದರು. “ಇದರಾಗ ಯಾರರ ಸಿಕ್ಕೊಂಡಾರೇನು, ನಿಮಗ ಗೊತ್ತಿದ್ದವರು?”

“ನನ್ನ ತಂಗಿ.”

“ಮನ್ಯಾಗ ಗೊತ್ತೈತಿ?”

“ಇಲ್ರಿ. ಆಕೀದ ತಪ್ಪು ಅಂತ ತಿಳಕೊಂಡಾರ. ಮುಂದ ಕಳಸಂಗಿಲ್ಲ ಅಂತಾರ.”

“ಪ್ರವೇಶ ಇನ್ನೂ ಎಂಟ ದಿನ ಐತಿ. ನನ್ನ ಮುಂದ ನಿಂತ ಏನ್ ಮಾಡಾಕತ್ತೀರಿ?” ಎಂದರು ಸರ್. ದನಿ ಏರಿಸಲಿಲ್ಲ. ಮಾಲೀಕರು ಗೂಟದಿಂದ ನನ್ನ ಚೀಲ ತೆಗೆದು ಕೈಗೆ ಕೊಟ್ಟರು.

ಮನೆ ಮುಟ್ಟಿದಾಗ ಮಧ್ಯಾಹ್ನ. ಕಾಕಾ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ಅವ್ವ ಜೋಳ ಹಸನು ಮಾಡುತ್ತಿದ್ದಳು. ತಂಗಿ ಆಗಷ್ಟೇ ಶೆಡ್ಡಿನಿಂದ ಉಣ್ಣಲು ಬಂದಿದ್ದಳು. ಚೀಲ ಇಳಿಸದೆಯೇ ಹೇಳಲು ಶುರು ಮಾಡಿದೆ. ನಿಂತರೆ ಮತ್ತೆ ಆಗುವುದಿಲ್ಲ ಎಂದು ಗೊತ್ತಿತ್ತು. ಪುಸ್ತಕದಲ್ಲಿ ಆ ಮಾತು ಇದ್ದದ್ದು, ನಾನು ತೆಗೆದದ್ದು, ಆಕೆ ಕೇಳಿದಾಗ ಸುಳ್ಳು ಕಾರ್ಡು ಬರೆದದ್ದು, ಎಲ್ಲವನ್ನೂ ಕಾಕಾನಿಗೆ ಹೇಳಿದೆ.

ಕಾಕಾನ ಕೈಯಲ್ಲಿ ಹಗ್ಗ ನಿಂತಿತು. “ಮೊಳಿ ಕೂಡಿಸಾಂವ ನೀನ. ತಗದಾಂವನೂ ನೀನ. ಮತ್ತ ನಾ ಈಕೀಗ ಅಂದದ್ದ?” ಎಂದರು. ಆಮೇಲೆ ತಮ್ಮಷ್ಟಕ್ಕೇ, “ಲಕ್ಷ ಇಲ್ಲಂದೆ. ಮಂದಿ ಮುಂದೂ ಅಂದೆ,” ಎಂದರು.

ಅವ್ವ ಮೊರ ಕೆಳಗಿಟ್ಟು, “ಅಂದದ್ದ ಅಂದ್ರಿ. ಬೆಂಗಳೂರಿಂದ ತಂದ ಕಾಗದ ಎಲ್ಲೈತಿ ಕೇಳ್ರಿ,” ಎಂದಳು.

“ಪೆಟಗ್ಯಾಗ ಐತಿ,” ಎಂದಳು ತಂಗಿ.

“ನಾಳೆ ಮಿರಜದ ಮೊದಲನೇ ಬಸ್ ಎಷ್ಟಕ್ಕೈತಿ?” ಎಂದು ಕೇಳಿ ಕಾಕಾ ಎದ್ದು ಆಡುಗಳ ಕಡೆಗೆ ಹೋದರು.

ಅವ್ವ ಜೋಳ ಒಳಗೆ ಒಯ್ದಳು. ನಾವಿಬ್ಬರೇ ಉಳಿದೆವು. ತಂಗಿ ತಂಬಿಗೆಯ ನೀರು ಬಗ್ಗಿಸಿಕೊಂಡು ನಿಧಾನವಾಗಿ ಕೈ ತೊಳೆದಳು.

“ಕಾರ್ಡು ಸುಳ್ಳಂತ ನನಗ ಆವತ್ತ ಕಿಡಕಿ ಮುಂದನ ಗೊತ್ತಾಗಿತ್ತು,” ಎಂದಳು. “ಪಾಪ, ಅಣ್ಣಗೂ ತಿಳದಿಲ್ಲ, ಕೇಳಾಕ ನಾಚ್ಯಾನ ಅಂದ್ಕೊಂಡಿದ್ದೆ. ಪುಸ್ತಕದ್ದ ಗೊತ್ತಿರಲಿಲ್ಲ.” ಸೆರಗಿಗೆ ಕೈ ಒರೆಸಿಕೊಂಡಳು. “ಇಷ್ಟೂ ಕಾಕಾಗ ಹೇಳಿದಿ, ಅಣ್ಣಾ. ನನಗೇನೂ ಹೇಳಲಿಲ್ಲ.”

ದಾರಿಯುದ್ದಕ್ಕೂ ನಾನು ಸಜ್ಜು ಮಾಡಿಕೊಂಡು ಬಂದದ್ದು ಕಾಕಾನಿಗೆ ಹೇಳುವ ಮಾತು ಮಾತ್ರ. ಆಕೆಗೆಂದು ಒಂದು ಮಾತೂ ತಂದಿರಲಿಲ್ಲ. ಚೀಲ ಕೆಳಗಿಟ್ಟೆ. ಆಕೆಯ ಮುಖ ನೋಡಿದೆ. ಐದು ತಿಂಗಳಿಂದ ನೋಡಿರಲಿಲ್ಲ.

“ನೀ ನನ್ನ ಮರ್ಯಾದಿ ಉಳಿಸಿದಿ. ನಾ ನಿನ್ನದ ಉಳಿಸಲಿಲ್ಲ,” ಎಂದೆ. “ತಪ್ಪಾತು ತಂಗೀ. ನನ್ನಿಂದ ತಪ್ಪಾತು.”